ಹಿತ್ತಿಲ ಕಿಟಕಿಯ ಗೆರೆಗಳು

ಇವತ್ತೇ ಬಂದುಬಿಟ್ಟರೆ?

ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಿಂಡುತ್ತ ಅವಳು ಅದನ್ನೇ ಯೋಚಿಸುತ್ತಿದ್ದಳು. ಹಾಗೆ ಯೋಚಿಸುತ್ತಿರುವುದಕ್ಕೆ ತನ್ನೊಳಗೇ ನಾಚಿಕೊಳ್ಳುತ್ತಲೂ ಇದ್ದಳು. ನಡುಮನೆಯಲ್ಲಿ ದೊಡ್ಡಪ್ಪನನ್ನು ಮಲಗಿಸಿದ್ದಾರೆ. ಬಂದವರೆಲ್ಲ ಅವರ ಕಾಲ ಬಳಿ ನಿಂತು ಮೂಗೊರೆಸಿಕೊಂಡು ಹೋಗುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ತನಗೆ ಒಂದು ಹಕ್ಕಿಯ ಚಿಂತೆ. ಯಾರಿಗಾದರೂ ಹೇಳಿದರೆ ಏನೆಂದುಕೊಂಡಾರು? ಹೇಳುವ ಪ್ರಶ್ನೆಯೇ ಇರಲಿಲ್ಲ, ಅದು ಬೇರೆ ಮಾತು. ಅವಳು ಯಾರಿಗೂ ಏನನ್ನೂ ಹೇಳುವವಳಲ್ಲ.

"ಮುಂದಿನ ಕಿಟಕಿ ಆಯ್ತೇನೇ?" ಅತ್ತೆ ತೋಳು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹೂಂ."

"ಅಡುಗೆಮನೆದು?"

"ಹೂಂ."

"ಹೂಂ ಹೂಂ ಅಂತ, ಪಾರಿವಾಳದ ಹಾಗೆ! ಮತ್ತೆ ಇದು? ಸ್ಮಶಾನದಿಂದ ಬಂದೋರೆಲ್ಲ ಈ ಕೋಣೇಲೇ ಕೂರೋದು. ಆ ಬಿಳಿ ಪಟ್ಟೆ ನೋಡ್ಕೊಂಡು ಕೂರ್ಬೇಕಾ?"

ಅತ್ತೆ ದೊಡ್ಡಪ್ಪನ ತಂಗಿ. ಬೆಳಗಿನ ಮೊದಲ ಬಸ್ಸಿಗೆ ಬಂದು, ಅಣ್ಣನ ಮುಖ ನೋಡಿ ಓಣಿಗೆಲ್ಲ ಕೇಳುವಂತೆ ಅತ್ತು, ಆಮೇಲೆ ಪೊರಕೆ ಹಿಡಿದವರು ಇನ್ನೂ ಕೆಳಗಿಟ್ಟಿರಲಿಲ್ಲ. ಮನೆಯ ಒಂದೊಂದು ಮೂಲೆಯನ್ನೂ ಜಗಳಕ್ಕೆ ಕರೆದವರಂತೆ ಉಜ್ಜುತ್ತಿದ್ದರು.

ಹಿತ್ತಿಲ ಕಡೆಯ ಈ ಕೋಣೆ ದೊಡ್ಡಪ್ಪನ ಕೆಲಸದ ಕೋಣೆ. ಕಂಬಳಿ ಹಾಸಿದ ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಗಾಜಿನ ಹಾಳೆಗಳು, ಸೀಮೆಎಣ್ಣೆಯ ಡಬ್ಬಿಯಲ್ಲಿ ಮೂತಿ ಅದ್ದಿ ನಿಂತ, ಗಾಜು ಕೊಯ್ಯುವ ಕಟರ್. ಸುತ್ತಲಿನ ಮನೆಗಳ ಕಿಟಕಿ, ಅಂಗಡಿಗಳ ಮುಂಭಾಗ, ಗಡಿಯಾರದ ಮುಖ, ಫೋಟೋದ ಚೌಕಟ್ಟು, ಒಡೆದದ್ದೆಲ್ಲ ಈ ಮೇಜಿಗೆ ಬಂದು ಸರಿಯಾಗಿ ಹೋಗುತ್ತಿತ್ತು. ಮೇಜಿನ ಎದುರಿಗೆ ಆಳೆತ್ತರದ ಕಿಟಕಿ. ಒಂದೇ ಅಖಂಡ ಗಾಜು. ಅದರ ಹೊರಮೈ ತುಂಬ, ಮೇಲಿನಿಂದ ಕೆಳಗೆ, ಅಂಗೈ ಅಗಲಕ್ಕೊಂದರಂತೆ ಬಿಳಿ ಗೆರೆಗಳು.

ಹೊಸ ಗಾಜು ಕೂರಿಸಿದಾಗ ಈ ಕೆಲಸದವರು ಅದರ ಮೇಲೆ ಸೀಮೆಸುಣ್ಣದ ನೀರಿನಿಂದ ಒಂದು ಗುರುತು ಬಳಿಯುತ್ತಾರೆ. ಬಯಲೆಂದುಕೊಂಡು ಯಾರೂ ಹಣೆ ಬಡಿಸಿಕೊಳ್ಳದಿರಲಿ ಎಂದು. ಅಂಚಿಗೆ ಮೆತ್ತಿದ ಪುಟ್ಟಿ ಒಣಗಿದ ಮೇಲೆ ಒರೆಸಿಬಿಡುತ್ತಾರೆ. ದೊಡ್ಡಪ್ಪನ ಸ್ವಂತ ಕಿಟಕಿಯ ಗುರುತು ಮಾತ್ರ ವರ್ಷಗಳಿಂದ ಒರೆಸದೆ ಉಳಿದಿತ್ತು. ಮಸುಕಾದರೆ ಅವರೇ ಮತ್ತೆ ಬಳಿಯುತ್ತಿದ್ದರು. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಪುಟ್ಟಿ ಇನ್ನೂ ಒಣಗಿಲ್ಲ."

"ಒಣಗೋದಕ್ಕೆ ಮುಂಚೆ ಗಾಜಪ್ಪನೇ ಹೋಗ್ಬಿಟ್ಟ." ಅತ್ತೆಯ ಹಿಂದಿನಿಂದ ಬಡಗಿ ಕತ್ತು ಹಾಕಿ ಹೇಳಿದ. ಅವನು ಪಕ್ಕದ ಮನೆಯವನು, ದೊಡ್ಡಪ್ಪನಿಗೆ ಚಿಕ್ಕಂದಿನ ಗೆಳೆಯ; ಗಾಜಪ್ಪ ಎಂಬುದು ಅವನಿಟ್ಟ ಹೆಸರು. ನಗಬೇಕೆಂದು ಹೇಳಿದವನಿಗೆ ನಗು ಅರ್ಧದಲ್ಲೇ ಸಿಕ್ಕಿಕೊಂಡಿತು. ಕೆಮ್ಮಿ ಬಾಯಿ ಒರೆಸಿಕೊಂಡ.

"ನಿಮಗೆ ಎಲ್ಲಾದಕ್ಕೂ ತಮಾಷೆ," ಎಂದರು ಅತ್ತೆ. "ಇವತ್ತು ಬಂದೋರು ಏನಂತಾರೆ? ಊರ ಗಾಜೆಲ್ಲ ಫಳಫಳ, ತನ್ನ ಮನೆದು ಜೀಬ್ರಾ. ಒಂದು ದಿನ, ಇದೊಂದು ದಿನ ಆದ್ರೂ ನಮ್ಮಣ್ಣನ ಕಿಟಕಿ ಬಗ್ಗೆ ಯಾರೂ ಮಾತಾಡ್ಬಾರದು."

ಆಗ ದೊಡ್ಡಮ್ಮ ಒಳಗೆ ಬಂದರು. ದೊಡ್ಡಪ್ಪನಿಗೆ ತೊಡಿಸಲು ಇಸ್ತ್ರಿ ಮಾಡಿದ ಅಂಗಿ ಈ ಕೋಣೆಯ ಗೂಡಿನಲ್ಲಿತ್ತು. ಅಂಗಿಯನ್ನು ಎದೆಗೆ ಒತ್ತಿಕೊಂಡು ಬಕೆಟ್ಟನ್ನೂ ಗಾಜನ್ನೂ ನೋಡಿದರು.

"ಒರೆಸು. ಇನ್ನು ಒರೆಸಿದ್ರೆ ಬೈಯೋರಿಲ್ಲ."

"ಅತ್ತಿಗೆ, ಕೂತ್ಕೊಳ್ಳಿ ಸ್ವಲ್ಪ."

"ಅವರ ಉಗುರು ಸಂದೀಲಿ ಇನ್ನೂ ಬಿಳಿ ಇದೆ. ಎಷ್ಟು ಒರೆಸಿದ್ರೂ ಹೋಗ್ತಿಲ್ಲ." ದೊಡ್ಡಮ್ಮ ಕೂರಲಿಲ್ಲ. "ಮೊನ್ನೆ ತಣ್ಣನೆ ಗಾಳಿ ಬೀಸಿದ್ದೇ ತಡ, ಏಣಿ ಹತ್ತಿದ್ರು. ಎರಡು ಮೆಟ್ಟಿಲಿಗೆ ಉಸಿರು ಕಟ್ಟುತ್ತೆ, ಬೇಡ ಅಂದ್ರೆ ಕೇಳಲಿಲ್ಲ. ಅಷ್ಟು ಸಿಟ್ಟು ಮನುಷ್ಯನಿಗೆ."

"ಸಿಟ್ಟಾ? ಯಾರ ಮೇಲೆ?"

"ನನ್ನ ಮೇಲೆ. ಈ ಕಿಟಕಿ ಹಾಕಿದಾಗ ನಾನೇ ಅಂದಿದ್ದೆ: ಹಿಂದಿನ ಓಣೀಲಿ ಹೋಗೋರಿಗೆಲ್ಲ ಮನೆ ಬಿಚ್ಚಿಟ್ಟ ಹಾಗಾಯ್ತು, ಏನಾದ್ರೂ ಬಳಿದು ಮುಚ್ಚಿ ಅಂತ. ಎಷ್ಟು ಆಸೆಯಿಂದ ಹಾಕಿದ್ರೋ ಏನೋ. ಮಾರನೇ ದಿನ ಎದ್ದು ನೋಡ್ತೀನಿ, ಈ ಪಟ್ಟೆ. ಒಂದು ಮಾತು ಬೈಯಲಿಲ್ಲ. ಬೈದಿದ್ರೆ ಅವತ್ತಿಗೇ ಮುಗೀತಿತ್ತು. ವರ್ಷ ವರ್ಷ ಬಳಿದು ತೋರ್ಸಿದ್ರು ನಂಗೆ." ಅಂಗಿಯ ಕಾಲರಿನ ಮಡಿಕೆಯನ್ನು ದೊಡ್ಡಮ್ಮ ಹೆಬ್ಬೆರಳಿನಿಂದ ತೀಡಿದರು. "ಸಾಯೋ ಎರಡು ದಿನ ಮುಂಚೆ ಕೂಡ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲ, ಎಂದಿತು ಒಳಗೆ. ಅಲ್ಲ ದೊಡ್ಡಮ್ಮ. ಬಾಯಿ ತೆರೆದಳು ಕೂಡ. ಆದರೆ ಆ ಹೊತ್ತಿಗೆ ದೊಡ್ಡಮ್ಮ ಅಂಗಿ ಹಿಡಿದು ಹೋಗಿಯಾಗಿತ್ತು, ಹೊರಗೆ ಯಾರೋ ವ್ಯಾನು ಬಂತೆಂದು ಕೂಗಿಯಾಗಿತ್ತು, ಅತ್ತೆ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ಹಿತ್ತಿಲಿಗೆ ಇಳಿದಾಗಿತ್ತು. ಮಾತು ಗಂಟಲಿನವರೆಗೆ ಬರುವಷ್ಟರಲ್ಲಿ ಅವಳ ಪಾಲಿಗೆ ಯಾವಾಗಲೂ ಎಲ್ಲ ಆಗಿಹೋಗಿರುತ್ತಿತ್ತು.

ಗೆರೆಗಳು ಒಂದೊಂದಾಗಿ ಕರಗಿ ಹಾಲಿನಂತೆ ಕೆಳಗಿಳಿದವು. ಅತ್ತೆ ಅಳುತ್ತ ಒರೆಸುತ್ತಿದ್ದರು. ಒಳಗಿನಿಂದ ನೋಡಿದರೆ ಕಿಟಕಿಯಲ್ಲಿ ಏನೂ ಇಲ್ಲ. ಹಿತ್ತಿಲೇ ಕೋಣೆಯೊಳಗೆ ನಡೆದು ಬಂದಂತೆ.

*

ವ್ಯಾನಿನಲ್ಲಿ ಬಡಗಿ ಅವಳ ಎದುರು ಕೂತಿದ್ದ. ಸುಮ್ಮನಿರಲು ಅವನಿಗೆ ಬರುತ್ತಿರಲಿಲ್ಲ.

"ಆ ಗಾಜು ಬಂದಿದ್ದೇ ಒಂದು ಕತೆ," ಎಂದ ಯಾರಿಗೆಂದಿಲ್ಲದೆ. "ಬಟ್ಟೆ ಅಂಗಡಿಯೋರ ಮುಂಭಾಗಕ್ಕೆ ಅಂತ ಕೊಯ್ದಿದ್ದು. ಅಷ್ಟು ದೊಡ್ಡ ಗಾಜು ಆವರೆಗೂ ಮುಟ್ಟಿರಲಿಲ್ಲ ಗಾಜಪ್ಪ. ಮೂರು ಸಲ ಅಳೆದ. ಮೂರು ಸಲಾನೂ ಕಣ್ಣಿಗೆ ಕಂಡ ಜಾಗ ಅಳೆದನೇ ಹೊರತು, ಚೌಕಟ್ಟಿನೊಳಗೆ ಗಾಜು ಕೂರೋ ಅಂಚು ಸೇರಿಸೋದನ್ನೇ ಮರೆತ. ಎತ್ತಿ ನಿಲ್ಲಿಸಿದ್ರೆ ಆ ಕಡೆಯಿಂದ ಈ ಕಡೆಗೆ ಬೀಳುತ್ತೆ!"

ಅವಳ ಅಪ್ಪ ವ್ಯಾನಿನ ಕಿಟಕಿಯ ಕಡೆ ತಿರುಗಿಯೇ ಸಣ್ಣಗೆ ನಕ್ಕರು. "ಕೊಯ್ದು ಸಣ್ಣದು ಮಾಡಿ ಮಾರು ಅಂದೆ ನಾನು. ಅಣ್ಣ ಕೇಳಲಿಲ್ಲ."

"ಹೇಗೆ ಕೇಳ್ತಾನೆ? ಒಂದು ಗೀರಿಲ್ಲ, ಗುಳ್ಳೆಯಿಲ್ಲ. ಕಂಬಳಿ ಹೊದಿಸಿ ತಳ್ಳೋ ಗಾಡೀಲಿ ಮಲಗಿಸಿ ತಂದ್ವಿ, ಕಾಯಿಲೆಯೋರನ್ನ ತಂದ ಹಾಗೆ. ಗೋಡೆ ಒಡೆದು ಗಾಜಿನಳತೆಗೆ ಕಿಟಕಿ ಮಾಡಿದೋನು ನಾನು. ಲೋಕದಲ್ಲಿ ಎಲ್ಲರೂ ಕಿಟಕಿಗೆ ಗಾಜು ಹಾಕಿಸ್ತಾರೆ. ಅವನೊಬ್ಬ ಗಾಜಿಗೆ ಕಿಟಕಿ ಹಾಕಿಸಿದೋನು."

ವ್ಯಾನು ನಕ್ಕಿತು. ದೊಡ್ಡಮ್ಮ ಮಾತ್ರ ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡುತ್ತಿದ್ದರು.

"ಪುಟ್ಟಿ ಮೆತ್ತಿದ ಸಂಜೆ ನನ್ನನ್ನ ಕರೆದು ಹಿತ್ತಿಲಲ್ಲಿ ನಿಲ್ಲಿಸಿದ. 'ಗಾಜು ಎಲ್ಲಿದೆ ಹೇಳು ನೋಡೋಣ' ಅಂದ. ಕಾಣ್ತಾನೇ ಇರಲಿಲ್ಲ ಮಾರಾಯ್ರೇ. ಮುಖ ನೋಡ್ಬೇಕಿತ್ತು ಅವನದು. ಅಂಥೋನು ಎರಡೇ ದಿನಕ್ಕೆ ಅದಕ್ಕೆ ಸುಣ್ಣ ಬಳಿದ. ಯಾಕೆ ಅಂತ ನಂಗೂ ಹೇಳಲಿಲ್ಲ."

*

ಯಾಕೆಂದು ಅವಳಿಗೆ ಗೊತ್ತಿತ್ತು. ಅವಳಿಗೊಬ್ಬಳಿಗೇ.

ಆಗ ಅವಳು ಇನ್ನೂ ಹಲ್ಲು ಬೀಳುವ ವಯಸ್ಸಿನವಳು. ಶಾಲೆಯಿಂದ ಬಂದವಳು ಮೇಜಿನ ಕೆಳಗೆ ಕೂತು ಗಾಜಿನ ತುಂಡುಗಳ ಹಸಿರು ಅಂಚನ್ನು ಎಣಿಸದೆ, ಮುಟ್ಟದೆ, ಬರೀ ನೋಡುತ್ತಿದ್ದಳು. ಮುಟ್ಟಕೂಡದೆಂಬುದು ಅವಳಿಗೂ ದೊಡ್ಡಪ್ಪನಿಗೂ ನಡುವಿನ ಒಪ್ಪಂದ. ಇಬ್ಬರೂ ಮಾತಾಡುತ್ತಿರಲಿಲ್ಲ. ಕಟರ್ ಗಾಜಿನ ಮೇಲೆ ಹರಿಯುವ ಸಣ್ಣ ಕಿರ್ ಸದ್ದು, ಆಮೇಲೆ ದೊಡ್ಡಪ್ಪ ಉಸಿರು ಹಿಡಿದು ಎರಡೂ ಅಂಚನ್ನು ಒತ್ತಿದಾಗ ಬರುವ ಟಕ್. ಅಷ್ಟೇ.

ಅವತ್ತಿನ ಸದ್ದು ಬೇರೆ. ದೊಡ್ಡದೇನಲ್ಲ, ಯಾರೋ ಒದ್ದೆ ಬಟ್ಟೆಯನ್ನು ಗಾಜಿಗೆ ಎಸೆದ ಹಾಗೆ.

ದೊಡ್ಡಪ್ಪ ಹೊರಗೆ ಓಡಿದರು. ಕಿಟಕಿಯ ಕೆಳಗೆ ಒಂದು ಕಂದು ಹಕ್ಕಿ ಬಿದ್ದಿತ್ತು. ತಿಳಿ ಬಣ್ಣದ ಎದೆಯ ಮೇಲೆ ಯಾರೋ ಕುಂಚ ಒದರಿದಂತೆ ಚುಕ್ಕೆಗಳು. ದೊಡ್ಡಪ್ಪ ಅದನ್ನು ಎರಡು ಅಂಗೈಯಲ್ಲಿ ಎತ್ತಿಕೊಂಡರು. ಗಾಜು ಹಿಡಿದು ಗಟ್ಟಿಯಾದ ಆ ಕೈಗಳಲ್ಲಿ ಅದು ಒಂದೆರಡು ಸಲ ಬಾಯಿ ತೆರೆದು ಮುಚ್ಚಿತು. ಕತ್ತು ವಾಲಿತು.

"ಮಲಗಿತಾ?" ಎಂದು ಕೇಳಿದಳು.

ದೊಡ್ಡಪ್ಪ ಹಿಂದಕ್ಕೆ ಸರಿದು, ಮೊಣಕಾಲೂರಿ, ತಮ್ಮ ಕಣ್ಣನ್ನು ಹಕ್ಕಿಯ ಎತ್ತರಕ್ಕೆ ತಂದು ಕಿಟಕಿಯನ್ನು ನೋಡಿದರು. ಅವಳೂ ಪಕ್ಕದಲ್ಲಿ ಬಗ್ಗಿ ನೋಡಿದಳು. ಗಾಜಿನೊಳಗೆ ಇನ್ನೊಂದು ಹಿತ್ತಿಲಿತ್ತು. ಅದೇ ಕೆಂಪು ಹಣ್ಣಿನ ಪೊದೆ, ಅದೇ ಆಕಾಶ, ಒಂದಿಷ್ಟೂ ಕೊಂಕಿಲ್ಲದೆ.

ಪೊದೆಯ ಬುಡದಲ್ಲಿ ಅದನ್ನು ಹೂಳಿದರು. ಕೈಯ ಮಣ್ಣು ಒದರಿಕೊಳ್ಳುತ್ತ ದೊಡ್ಡಪ್ಪ ಅಂದರು: "ಯಾರಿಗೂ ಹೇಳ್ಬೇಡ ಮರಿ. ದೊಡ್ಡಮ್ಮನಿಗೂ ಬೇಡ. ಇಷ್ಟು ವರ್ಷದ ಕೆಲಸದಲ್ಲಿ ಇದೊಂದು ಚೆನ್ನಾಗಿ ಬಂತು ಅಂದ್ಕೊಂಡಿದ್ದೆ."

ಅವಳು ತಲೆಯಾಡಿಸಿದಳು. ಹೇಳದಿರುವುದು ಅವಳಿಗೆ ಸುಲಭವಾಗಿ ಬರುತ್ತಿದ್ದ ಒಂದೇ ಕೆಲಸ. ಮರುದಿನ ಗೆರೆಗಳು ಬಂದವು. ಮೊದಲು ಒಳಮೈಗೆ ಎಳೆದಿದ್ದರು; ಹೊರಗೆ ನಿಂತು ನೋಡಿ, ಇಲ್ಲಿಂದ ಕಾಣುವುದೇ ಇಲ್ಲವೆಂದು ಹೊರಮೈಗೆ ಎಳೆದರು. ಒಂದೊಂದು ಗೆರೆ ಎಳೆದ ಮೇಲೂ ಅದರ ಪಕ್ಕಕ್ಕೆ ಅಂಗೈ ಇಟ್ಟು ಅಗಲ ನೋಡಿದರು, ಹಕ್ಕಿ ತೂರುವಷ್ಟು ಜಾಗ ಉಳಿಯದ ಹಾಗೆ.

*

ಸ್ಮಶಾನದ ಕೆಲಸ ಬೇಗ ಮುಗಿಯಿತು. ದೊಡ್ಡಪ್ಪನ ಬದುಕಿನಂತೆಯೇ, ಸದ್ದಿಲ್ಲದೆ. ವ್ಯಾನು ಹಿಂತಿರುಗುವಾಗ ಗಾಳಿಯಲ್ಲಿ ಚಳಿಯ ಮೊದಲ ವಾಸನೆಯಿತ್ತು, ಒಣ ಎಲೆ ಮತ್ತು ಹೊಗೆ. ದಾರಿಯ ಎರಡೂ ಬದಿಯ ಕಿಟಕಿಗಳನ್ನು ಅವಳು ನೋಡುತ್ತ ಬಂದಳು. ಔಷಧದಂಗಡಿ, ಕ್ಷೌರದಂಗಡಿ, ವಾಚ್ ರಿಪೇರಿ. ಎಲ್ಲದರ ಅಂಚಿನಲ್ಲೂ ದೊಡ್ಡಪ್ಪನ ಹೆಬ್ಬೆರಳು ಪುಟ್ಟಿಯ ಮೇಲೆ ಹರಿದಿತ್ತು. ಯಾವ ಗಾಜಿನಲ್ಲೂ ಅವರು ಕಾಣುತ್ತಿರಲಿಲ್ಲ. ಸಂಜೆಯ ಬಿಸಿಲು ಎಲ್ಲವನ್ನೂ ಕನ್ನಡಿ ಮಾಡಿತ್ತು.

*

ಕಳೆದ ಸಲದ ಚಳಿಗಾಲ ಮುಗಿಯುತ್ತಿದ್ದಾಗ ಅವಳು ಒಂದು ಕೆಲಸದ ಸಂದರ್ಶನದಿಂದ ನೇರವಾಗಿ ಈ ಕೋಣೆಗೆ ಬಂದಿದ್ದಳು. ಪದವಿಯ ಕಾಗದಗಳ ಫೈಲನ್ನು ಮೇಜಿನ ಮೇಲಿಟ್ಟು, ಗೋಡೆಗೊರಗಿ ಕೂತಳು. ಮೂರು ಜನ ಎದುರಿಗೆ ಕೂತು ಕೇಳಿದ್ದರು. ಗೊತ್ತಿದ್ದ ಉತ್ತರ ಒಂದೂ ಬಾಯಿಗೆ ಬಂದಿರಲಿಲ್ಲ.

ದೊಡ್ಡಪ್ಪ ಕಟರ್ ಕೆಳಗಿಟ್ಟು, ಬೆರಳೆತ್ತಿ ಹಿತ್ತಿಲ ಕಡೆ ತೋರಿಸಿದರು. "ಬಾಡಿಗೆಯವರು ಏನೋ ಹೇಳ್ತಿದಾರೆ. ಕೇಳು."

ಪ್ರತಿ ಚಳಿಗೂ ಬಂದು ಪೊದೆಯ ಬುಡದಲ್ಲಿ ನೆಲೆಸುತ್ತಿದ್ದ ಚುಕ್ಕೆ ಎದೆಯ ಹಕ್ಕಿಗೆ ಅವರು ಇಟ್ಟ ಹೆಸರು ಅದು. ಎಲೆ ಮಗುಚುತ್ತಿತ್ತು, ಮೂರು ಹೆಜ್ಜೆ ಓಡಿ ನಿಂತು ಕತ್ತು ವಾಲಿಸಿ ನೆಲದ ಮಾತು ಕೇಳುತ್ತಿತ್ತು, ಥಟ್ಟನೆ ಎರೆಹುಳುವೊಂದನ್ನು ಎಳೆದು ತೆಗೆಯುತ್ತಿತ್ತು. ಬಸವನಹುಳು ಸಿಕ್ಕರೆ ಚಪ್ಪಟೆ ಕಲ್ಲಿಗೆ ಬಡಿದು ಚಿಪ್ಪು ಒಡೆಯುತ್ತಿತ್ತು. ಇದ್ದಷ್ಟು ದಿನ ಹಾಡುತ್ತಿರಲಿಲ್ಲ. ಅದರ ನಿಜವಾದ ಹೆಸರು ಸಿಳ್ಳಾರವೆಂದು ಅವಳು ಪುಸ್ತಕದಲ್ಲಿ ಹುಡುಕಿ ಹೇಳಿದಾಗ ದೊಡ್ಡಪ್ಪ, "ಹೆಸರು ಸಿಕ್ಕಿತು ಅಂತ ಬಾಡಿಗೆ ಕೊಡುತ್ತಾ?" ಎಂದಿದ್ದರು.

ಅವಳು ಕಿಟಕಿಗೆ ಕಿವಿಯಿಟ್ಟಳು. ಪೊದೆಯೊಳಗಿನಿಂದ ಸಣ್ಣ ಸ್ವರವೊಂದು ಹೊರಳಾಡುತ್ತಿತ್ತು. ಕೊಕ್ಕು ಮುಚ್ಚಿಕೊಂಡೇ, ಗಂಟಲೊಳಗೆ, ತನಗೆ ತಾನೇ ಹೇಳಿಕೊಳ್ಳುವಷ್ಟು ಮೆಲ್ಲಗೆ.

"ಹೊರಡೋ ಮುಂಚೆ ಹೀಗೇ ಪ್ರತಿ ಸಲ," ಎಂದರು ದೊಡ್ಡಪ್ಪ. "ತನ್ನ ಊರಿಗೆ ಹೋಗಿ ಜೋರಾಗಿ ಹಾಡುತ್ತಂತಾ?"

"ಹೂಂ. ಮರದ ತುದೀಲಿ ಕೂತು. ಬೆಟ್ಟಗಳ ಆಚೆ. ರಾತ್ರಿ ಹಾರುತ್ತಂತೆ ದೊಡ್ಡಪ್ಪ, ಒಂದೊಂದೇ."

"ಒಂದೇ? ಭಯ ಆಗಲ್ವಾ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ತುಂಬ ದಿನದಿಂದ ಕೇಳಬೇಕೆಂದಿದ್ದವರಂತೆ, "ಮರಿ, ಇಷ್ಟು ವರ್ಷ ಬರ್ತಿರೋದು ಒಂದೇ ಹಕ್ಕಿ ತಾನೇ? ಅವತ್ತು ಸತ್ತದ್ದರ ಜೊತೆಯದು ಇರ್ಬಹುದಾ?"

ಸಿಳ್ಳಾರ ಅಷ್ಟು ವರ್ಷ ಬದುಕುವುದಿಲ್ಲವೆಂದು ಅವಳು ಓದಿದ್ದಳು.

"ಹೂಂ," ಎಂದಳು.

ಅವಳ ಫೈಲನ್ನು ದೊಡ್ಡಪ್ಪ ಮೇಜಿನಿಂದ ಎತ್ತಿ, ಗಾಜಿನ ಚೂರು ಅಂಟಿದೆಯೇ ಎಂದು ಅಂಗೈಯಿಂದ ಸವರಿ, ಗೂಡಿನಲ್ಲಿ ತಮ್ಮ ಅಂಗಿಗಳ ಪಕ್ಕ ಇಟ್ಟರು.

*

ಹಿತ್ತಿಲ ಕೋಣೆಯಲ್ಲಿ ಟೀ ಲೋಟಗಳು ಓಡಾಡುತ್ತಿದ್ದವು. ಮೇಜನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಬಂದವರೆಲ್ಲ ಗಾಜಿನ ಬಗ್ಗೆಯೇ ಮಾತಾಡುತ್ತಿದ್ದರು.

"ಏನು ಬೆಳಕು ಬಿತ್ತು ಕೋಣೆಗೆ!"

"ಈಗ ಗಾಜಿನೋನ ಮನೆ ಅಂತ ಅನ್ನಿಸ್ತಿದೆ ನೋಡಿ."

ಅತ್ತೆ ಆ ಮಾತಿಗೆ ಬೆಳಗಿನಿಂದ ಮೊದಲ ಸಲ ಕೂತರು. ದೊಡ್ಡಮ್ಮ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು.

ಅವಳು ಗೋಡೆಯ ಪಕ್ಕ ನಿಂತು ಹಿತ್ತಿಲನ್ನು ನೋಡುತ್ತಿದ್ದಳು. ಪೊದೆಯ ಕೆಳಗೆ ಒಂದು ಎಲೆ ಮಗುಚಿತು. ಗಾಳಿಯಿರಲಿಲ್ಲ. ಇನ್ನೊಂದು ಎಲೆ.

ಆಮೇಲೆ ಅದು ಹೊರಗೆ ಬಂತು. ಮೂರು ಹೆಜ್ಜೆ ಓಡಿತು, ನಿಂತಿತು, ಕತ್ತು ವಾಲಿಸಿತು. ಎದೆಯ ಚುಕ್ಕೆಗಳ ಮೇಲೆ ದಾರಿಯ ಧೂಳು. ಇವತ್ತೇ ಬಂದುಬಿಟ್ಟಿತ್ತು.

"ಆ ಟೀ ಸೊಪ್ಪು ಕೊಡಿಲ್ಲಿ, ಹಿತ್ತಿಲಿಗೆ ಎಸೆದು ಬರ್ತೀನಿ." ಅತ್ತೆ ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದರು.

ಅವಳು ಹೋಗಿ ಅತ್ತೆಯ ಮಣಿಕಟ್ಟು ಹಿಡಿದುಕೊಂಡಳು. ಗಟ್ಟಿಯಾಗಿ.

ಅತ್ತೆಗೆ ಎಷ್ಟು ಆಶ್ಚರ್ಯವಾಯಿತೆಂದರೆ ಬೈಯುವುದೂ ಮರೆತುಹೋಯಿತು. ಅವಳು ನೋಡುತ್ತಿದ್ದ ಕಡೆ ನೋಡಿದರು. ಅತ್ತೆಯೇ ಬಾಯಿ ಮುಚ್ಚಿದ್ದನ್ನು ಕಂಡು ಮಿಕ್ಕವರೂ ಮುಚ್ಚಿದರು. ಆ ಮೌನದಲ್ಲಿ ಟಕ್ ಟಕ್ ಎಂದು ಕೇಳಿತು.

"ಯಾರೋ ಬಾಗಿಲು ತಟ್ತಿದಾರೆ," ಎಂದ ಬಡಗಿ ಪಿಸುದನಿಯಲ್ಲಿ.

ಹಕ್ಕಿ ಬಸವನಹುಳುವನ್ನು ಚಪ್ಪಟೆ ಕಲ್ಲಿಗೆ ಬಡಿಯುತ್ತಿತ್ತು. ದೊಡ್ಡಮ್ಮ ಕುರ್ಚಿಯಲ್ಲೇ ತಿರುಗಿದರು. ಇಡೀ ಕೋಣೆ ಲೋಟ ಹಿಡಿದುಕೊಂಡು ನೋಡಿತು. ಚಿಪ್ಪು ಒಡೆಯಿತು.

ಯಾರದೋ ಜೇಬಿನಲ್ಲಿ ಫೋನು ಕಿರುಚಿಕೊಂಡಿತು.

ಹಕ್ಕಿ ಎದ್ದು, ಗಾಜಿನೊಳಗಿನ ಪೊದೆಯ ಕಡೆಗೆ, ನೇರವಾಗಿ ಅವರೆಲ್ಲರ ಮುಖದ ಕಡೆಗೆ ಬಂತು. ದೊಡ್ಡಮ್ಮ ಕೈ ಅಡ್ಡ ಹಿಡಿದರು. ಕೊನೆಯ ಚಣದಲ್ಲಿ ಅದು ಏನನ್ನು ಕಂಡಿತೋ, ಓರೆಯಾಗಿ ತಿರುಗಿ, ರೆಕ್ಕೆ ಮಾತ್ರ ಗಾಜಿಗೆ ತಾಗಿ, ಪೊದೆಯ ಮೇಲೆ ಬಿದ್ದಂತೆ ಕೂತಿತು. ಗರಿ ಉಬ್ಬಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ಇತ್ತು. ಕಣ್ಣು ಮಿಟುಕಿಸಿತು. ಕೊಕ್ಕನ್ನು ಕೊಂಬೆಗೆ ಒರೆಸಿ ಗೋಡೆಯಾಚೆ ಹಾರಿತು.

ಶುದ್ಧವಾದ ಗಾಜಿನ ಮೇಲೆ ಒಂದು ರೆಕ್ಕೆಯ ಗುರುತು ಉಳಿದಿತ್ತು. ಬೂದಿಯಲ್ಲಿ ಬರೆದಂತೆ, ಒಂದೊಂದು ಗರಿಯೂ ಬೇರೆಬೇರೆಯಾಗಿ.

ಅವಳು ಬಗ್ಗಿ ಮೇಜಿನ ಕೆಳಗಿನಿಂದ ಸೀಮೆಸುಣ್ಣದ ಡಬ್ಬಿ ಎಳೆದಳು. ಮುಚ್ಚಳ ತೆಗೆದರೆ ಮೊನ್ನೆ ಕಲಸಿದ್ದು ಇನ್ನೂ ಹಸಿಯಾಗಿತ್ತು. ಕುಂಚ ತೆಗೆದುಕೊಂಡು ಹಿತ್ತಿಲಿಗೆ ಇಳಿದಳು. ಗಾಜಿನಾಚೆ ಎಲ್ಲರ ಮುಖಗಳಿದ್ದವು. ಸಂದರ್ಶನಕ್ಕಿಂತ ಹೆಚ್ಚು ಜನ. ಕೈಯೆಟುಕುವಷ್ಟು ಎತ್ತರದಿಂದ ಕೆಳಗೆ ಒಂದು ಗೆರೆ ಎಳೆದಳು. ಸೊಟ್ಟಗಾಯಿತು. ರೆಕ್ಕೆಯ ಗುರುತನ್ನು ಬಿಟ್ಟು ಇನ್ನೊಂದು ಎಳೆದಳು.

"ಲೇ, ಈಗ ತಾನೇ ಒರೆಸಿದ್ದು..." ಎಂದು ಬಾಗಿಲಿಗೆ ಬಂದ ಅತ್ತೆ ಅಲ್ಲಿಗೇ ನಿಂತರು.

ಬಡಗಿ ಅವರ ಪಕ್ಕದಿಂದ ಕೇಳಿದ, ಈ ಸಲ ತಮಾಷೆಯಿಲ್ಲದೆ: "ಪುಟ್ಟಿ ಇನ್ನೂ ಒಣಗಿಲ್ವಾ ಮರಿ?"

ದೊಡ್ಡಮ್ಮ ಎದ್ದು ಕಿಟಕಿಯ ಹತ್ತಿರ ಬಂದು ನಿಂತಿದ್ದರು. ಎರಡು ಬಿಳಿ ಗೆರೆಗಳ ನಡುವೆ ಅವರ ಮುಖ. ಅವಳು ಆ ಮುಖವನ್ನೇ ನೋಡಿದಳು. ನಡುವೆ ಗಾಜಿತ್ತು, ಮೆಲ್ಲಗೆ ಹೇಳಿದರೆ ಕೇಳುವಂತಿರಲಿಲ್ಲ.

"ಯಾವತ್ತೋ ಒಣಗಿದೆ!" ಅವಳ ದನಿ ಹಿತ್ತಿಲ ಗೋಡೆಗೆ ಬಡಿದು ತಿರುಗಿ ಬಂತು. "ದೊಡ್ಡಪ್ಪನಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ ದೊಡ್ಡಮ್ಮ. ಈ ಗಾಜಿಗೆ ಬಡಿದು ಒಂದು ಹಕ್ಕಿ ಅವರ ಕೈಯಲ್ಲೇ ಸತ್ತುಹೋಯ್ತು. ಇದು ಹಕ್ಕಿಗೆ."

ದೊಡ್ಡಮ್ಮ ಒಳಗಿನಿಂದ ಗಾಜಿನ ಮೇಲೆ, ಎಳೆದ ಗೆರೆಯ ಪಕ್ಕಕ್ಕೆ, ತಮ್ಮ ಅಂಗೈಯನ್ನು ಅಗಲವಾಗಿ ಇಟ್ಟು, ಮುಂದಿನದು ಎಲ್ಲಿಗೆ ಬರಬೇಕೆಂದು ತೋರಿಸಿದರು.